ಮನೆ ಮೇಲಿನ ಆಂಟೆನಾಗೆ ಅರ್ತಿಂಗ್: ಪದೇ ಪದೇ ಕೇಳುವ ಪ್ರಶ್ನೆಗಳು

ಯುಗಾದಿ ಕಳೆದು ಅಶ್ವಿನಿ, ಭರಣಿ ಮಳೆಯ ಗುಡುಗು ಶುರುವಾಯಿತೆಂದರೆ ನನ್ನ ಫೋನಿಗೆ ಪುರುಸೊತ್ತು ಇರುವುದಿಲ್ಲ. "ಡಿಶ್ಶಿಗೂ ಅರ್ತ್ ಬೇಕಾ?", "ವೈರ್ ಎಷ್ಟು ದಪ್ಪದ್ದು ತರ್ಲಿ?", "ಅಣ್ಣಾ, ಟಿವಿ ಹೋಯ್ತು!" ನಾನು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಅಲ್ಲ. ಮಲೆನಾಡಿನ ಮನೆಯೊಂದರ ಮೇಲೆ ಬಹಳ ವರ್ಷಗಳಿಂದ ಹ್ಯಾಮ್ ರೇಡಿಯೊ (ಹವ್ಯಾಸಿ ರೇಡಿಯೊ) ಆಂಟೆನಾ ಏರಿಸಿ ಇಳಿಸಿ, ಒಂದು ಸಲ ಚೆನ್ನಾಗಿ ಕೈ ಸುಟ್ಟುಕೊಂಡು ಕಲಿತವನು. ಫೋನಿನಲ್ಲಿ ಹೇಳಿದ್ದನ್ನೇ ಹೇಳುವ ಬದಲು ಇಲ್ಲಿ ಬರೆದಿಟ್ಟಿದ್ದೇನೆ. ಮೇನ್ ಬೋರ್ಡಿನ ಒಳಗೆ ಕೈ ಹಾಕುವ ಕೆಲಸ ಎಲ್ಲಿ ಬಂದರೂ ಅದು ಲೈಸೆನ್ಸ್ ಇರುವವರದು, ಈ ಮಾತನ್ನು ಪ್ರತಿ ಉತ್ತರದಲ್ಲೂ ಮತ್ತೆ ಹೇಳುವುದಿಲ್ಲ.

ನಮ್ಮನೆ ಮೇಲೆ ಇರೋದು ಬರೀ ಒಂದು ಡಿಶ್. ಅದಕ್ಕೂ ಅರ್ತ್ ಬೇಕಾ?

ಎಲ್ಲಿ ಕೂತಿದೆ ಅನ್ನುವುದರ ಮೇಲೆ ಹೋಗುತ್ತದೆ. ಆಂಟೆನಾ ಸುರಕ್ಷತೆಗೆ ಅಂತಲೇ ಇರುವ ಐಇಸಿ 60728-11 ಎಂಬ ಅಂತರರಾಷ್ಟ್ರೀಯ ಮಾನದಂಡ ಒಂದು ವಿನಾಯಿತಿ ಕೊಡುತ್ತದೆ. ಡಿಶ್ ಚಾವಣಿಯ ಅಂಚಿಗಿಂತ 2 ಮೀಟರ್‌ಗೂ ಜಾಸ್ತಿ ಕೆಳಗಿದ್ದು, ಗೋಡೆಯಿಂದ 1.5 ಮೀಟರ್ ಒಳಗೇ ಇದ್ದರೆ ಕಂಬಕ್ಕೆ ಬೇರೆ ಅರ್ತ್ ಬೇಕಿಲ್ಲ. ಕೆಳಗಿನ ಬಾಲ್ಕನಿಯ ಗೋಡೆಗೆ ಹೊಡೆದ ಡಿಶ್ಶಿಗೆ ಇದು ಹೊಂದುತ್ತದೆ. ನಮ್ಮಲ್ಲಿ ಡಿಶ್ ಕೂಡಿಸುವುದು ಎಲ್ಲಿ? ತಾರಸಿಯ ಪ್ಯಾರಪೆಟ್ ಗೋಡೆಯ ತಲೆ ಮೇಲೆ, ಇಲ್ಲವೇ ನೀರಿನ ಟ್ಯಾಂಕ್ ಕಟ್ಟೆಯ ಮೇಲೆ. ಅಂದರೆ ಮನೆಯ ತುತ್ತತುದಿಯಲ್ಲಿ. ಅಲ್ಲಿ ಅರ್ತ್ ಬೇಕು.

ಕೂಡಿಸಲು ಬರುವ ಹುಡುಗರು ಇದನ್ನು ಮಾಡುವುದು ನಾನಂತೂ ನೋಡಿಲ್ಲ. ಅವರಿಗೆ ದಿನಕ್ಕೆ ಇಷ್ಟು ಮನೆ ಅಂತ ಇರುತ್ತದೆ, ಪಾಪ. ನೀವೇ ಕೇಳಿ ಮಾಡಿಸಬೇಕು.

ಅರ್ತ್ ಮಾಡಿದರೆ ಸಿಡಿಲನ್ನು ನಾವೇ ಕರೆದ ಹಾಗಲ್ವಾ?

ಅಲ್ಲ. ಸಿಡಿಲು ಕಿಲೋಮೀಟರ್‌ಗಟ್ಟಲೆ ಗಾಳಿಯನ್ನು ಸೀಳಿಕೊಂಡು ಬರುತ್ತದೆ. ನಿಮ್ಮ ಕಂಬದ ಬುಡದಲ್ಲಿ ವೈರ್ ಇದೆಯೋ ಇಲ್ಲವೋ ಅಂತ ಮೇಲಿನಿಂದ ನೋಡಿ ತೀರ್ಮಾನಿಸುವುದಿಲ್ಲ. ಅದಕ್ಕೆ ಮುಖ್ಯವಾಗುವುದು ಎತ್ತರ, ಮತ್ತೆ ಸುತ್ತಮುತ್ತ ಒಂಟಿಯಾಗಿ ಎದ್ದು ನಿಂತಿರುವುದು ಯಾವುದು ಅನ್ನುವುದು. ಒಣಗಿದಂತೆ ಕಾಣುವ ತೆಂಗಿನ ಮರಕ್ಕೆ ಬಡಿಯುವುದಿಲ್ಲವೇ? ಅದಕ್ಕೆ ಯಾರು ಅರ್ತ್ ಕೊಟ್ಟಿದ್ದರು?

ಅರ್ತ್ ಮಾಡದ ಕಂಬಕ್ಕೆ ಬಡಿದರೂ ಆ ಕರೆಂಟ್ ನೆಲಕ್ಕೆ ಹೋಗಿಯೇ ಹೋಗುತ್ತದೆ. ದಾರಿ ಮಾತ್ರ ಅದೇ ಆರಿಸಿಕೊಳ್ಳುತ್ತದೆ: ಕೇಬಲ್ಲಿನಲ್ಲಿ ಇಳಿದು ಟಿವಿ ಹೊಕ್ಕು, ಗೋಡೆಯೊಳಗಿನ ವೈರಿಂಗ್ ಹಿಡಿದು, ಸಿಕ್ಕಿದ್ದನ್ನೆಲ್ಲ ಸುಟ್ಟು.

ಹಾಗಾದರೆ ನೇರ ಸಿಡಿಲು ಬಡಿದರೂ ಏನೂ ಆಗಲ್ಲ ಅಂತಾನಾ?

ಅಷ್ಟು ಧೈರ್ಯ ಕೊಡಲಾರೆ. ಸಾಮಾನ್ಯ ಸಿಡಿಲೊಂದರಲ್ಲಿ ಸುಮಾರು 30,000 ಆಂಪಿಯರ್ ಕರೆಂಟ್ ಇರುತ್ತದೆ, ದೊಡ್ಡದರಲ್ಲಿ 2 ಲಕ್ಷದವರೆಗೂ ಹೋಗುತ್ತದೆ. ನಿಮ್ಮ ಗೀಸರ್ ಎಳೆಯುವುದು 10 ಆಂಪಿಯರ್ ಚಿಲ್ಲರೆ. ಕಂಬಕ್ಕೇ ನೇರವಾಗಿ ಬಡಿದರೆ ಡಿಶ್ಶಿನ ಮೂತಿಯಲ್ಲಿರುವ ಎಲ್‌ಎನ್‌ಬಿ ಹೋಯಿತು ಅಂತಲೇ ತಿಳಿಯಿರಿ, ಸೆಟ್‌ಟಾಪ್ ಬಾಕ್ಸ್ ಉಳಿದರೆ ಅದು ಬೋನಸ್ಸು. ಅರ್ತ್ ಮಾಡುವುದು ಮೊದಲು ಮನೆಯವರಿಗಾಗಿ, ಆಮೇಲೆ ಮನೆಗೆ ಬೆಂಕಿ ಹತ್ತದಿರಲಿ ಅಂತ, ಕೊನೆಗೆ ಸಾಮಾನಿಗಾಗಿ.

ನೇರ ಬಡಿತ ಅಪರೂಪ. ಜಾಸ್ತಿ ಆಗುವುದು ಪಕ್ಕದ ಮರಕ್ಕೋ ಲೈನಿಗೋ ಬಡಿದು, ಅದರ ಹೊಡೆತ ನಮ್ಮ ಕೇಬಲ್ಲುಗಳಲ್ಲಿ ಹುಟ್ಟಿಕೊಳ್ಳುವುದು. ಅಂಥ ಹೊತ್ತಿನಲ್ಲಿ ಸರಿಯಾದ ಅರ್ತಿಂಗ್ ನಿಜಕ್ಕೂ ಸಾಮಾನು ಉಳಿಸುತ್ತದೆ.

ಡಿಶ್ ಕೇಬಲ್ಲಿನ ತುದಿ ಮುಟ್ಟಿದರೆ ಜುಂ ಅನ್ನುತ್ತದೆ. ಶಾಕಾ ಇದು?

ಸಿಡಿಲಿಗೆ ಸಂಬಂಧವೇ ಇಲ್ಲದ ಪ್ರಶ್ನೆ, ಆದರೆ ಜನ ಕೇಳುವುದು ಇದನ್ನೇ ಜಾಸ್ತಿ. ಸೆಟ್‌ಟಾಪ್ ಬಾಕ್ಸಿನ ಅಡಾಪ್ಟರ್ ಎರಡು ಪಿನ್ನಿನದು, ಅದಕ್ಕೆ ಅರ್ತ್ ಇಲ್ಲ. ಅದರ ಒಳಗೆ ಗಲಾಟೆ ಸಿಗ್ನಲ್ ತಡೆಯಲು ಒಂದು ಸಣ್ಣ ಕೆಪಾಸಿಟರ್ ಇರುತ್ತದೆ. ಅದರ ಮೂಲಕ ಒಂಚೂರು ಕರೆಂಟ್ ಸೋರಿ ಕೇಬಲ್ಲಿನ ಹೊರ ಜಾಲರಿಗೆ ಬರುತ್ತದೆ. ಮಲ್ಟಿಮೀಟರ್ ಹಿಡಿದರೆ ನೂರರ ಹತ್ತಿರ ವೋಲ್ಟ್ ತೋರಿಸಿ ಹೆದರಿಸುತ್ತದೆ, ಆದರೆ ಅದರ ಹಿಂದೆ ಬಲವಿಲ್ಲ, ಒಂದು ಮಿಲಿ ಆಂಪಿಯರ್‌ಗಿಂತ ಕಡಿಮೆ. ಡಿಶ್ಶಿಗೂ ಕೇಬಲ್ಲಿಗೂ ಸರಿಯಾಗಿ ಅರ್ತ್ ಆದ ದಿನ ಈ ಜುಂ ಹೋಗುತ್ತದೆ.

ಆದರೂ ತಾರಸಿಯ ಮೇಲೆ ಏಣಿ ಹತ್ತಿದವನಿಗೆ ಆ ಜುಂ ಸಾಕು, ಬೆಚ್ಚಿ ಬೀಳಲು. ಮೊದಲು ಬಾಕ್ಸಿನ ಪ್ಲಗ್ ತೆಗೆದು ಆಮೇಲೆ ಕೇಬಲ್ ಮುಟ್ಟಿ.

ಜುಂ ಅಲ್ಲ, ಕೈ ಝಾಡಿಸುವಂಥ ಶಾಕ್ ಬಂದರೆ ಅದು ಬೇರೆ ರೋಗ. ಮನೆಯ ಯಾವುದೋ ಸಾಮಾನಿನಲ್ಲಿ ಫೇಸ್ ಸೋರುತ್ತಿದೆ, ಜೊತೆಗೆ ಮನೆಯ ಅರ್ತ್ ಸತ್ತಿದೆ. ಕೇಬಲ್ ಟಿವಿ ಇರುವ ಬೀದಿಯಲ್ಲಿ ಪಕ್ಕದ ಮನೆಯ ಸೋರಿಕೆ ಕೇಬಲ್ಲಿನ ಜಾಲರಿ ಹಿಡಿದು ನಿಮ್ಮ ಮನೆಗೂ ಬರಬಹುದು. ಮೇನ್ ಸ್ವಿಚ್ ಆಫ್ ಮಾಡಿ ಎಲೆಕ್ಟ್ರಿಷಿಯನ್ನರನ್ನು ಕರೆಯಿರಿ, ನಾಳೆ ನೋಡೋಣ ಅನ್ನಬೇಡಿ.

ಆಂಟೆನಾಗೆ ಅಂತಲೇ ಬೇರೆ ಅರ್ತ್ ಗುಂಡಿ ತೆಗೆಸಿದ್ದೇನೆ. ಮನೆ ಅರ್ತ್‌ಗೆ ಸೇರಿಸೋದು ಬೇಡ, ಸಿಡಿಲು ಮನೆಯೊಳಗೆ ಬರುತ್ತೆ ಅಂತಾರೆ. ನಿಜಾನಾ?

ಈ ಪುಟ ಬರೆದದ್ದೇ ಈ ಪ್ರಶ್ನೆಗಾಗಿ. ನಾನು ಕೈ ಸುಟ್ಟುಕೊಂಡದ್ದೂ ಇಲ್ಲೇ.

ಮೊದಲ ಆಂಟೆನಾ ಏರಿಸಿದಾಗ ನಾನೂ ಹೀಗೇ ಯೋಚಿಸಿದ್ದೆ. ಮನೆಯ ಹಿಂದೆ ಹೊಸ ಗುಂಡಿ, ಹೊಸ ಪೈಪ್, ಇದ್ದಿಲು, ಉಪ್ಪು, ಎಲ್ಲ ಹಾಕಿ ಕಂಬವನ್ನು ಅದಕ್ಕೆ ಕಟ್ಟಿದೆ. ಮನೆಯ ಅರ್ತ್ ಮುಂದಿನ ಅಂಗಳದಲ್ಲಿತ್ತು, ಎರಡಕ್ಕೂ ಸಂಬಂಧವೇ ಇರಲಿಲ್ಲ. ನನಗೋ ಭಾರೀ ಹೆಮ್ಮೆ. ಒಂದು ಸಂಜೆ ತೋಟದ ತೆಂಗಿನ ಮರಕ್ಕೆ ಸಿಡಿಲು ಬಡಿಯಿತು. ಕಂಬಕ್ಕೆ ಏನೂ ಆಗಲಿಲ್ಲ, ಗುಂಡಿಗೂ ಏನೂ ಆಗಲಿಲ್ಲ. ರೇಡಿಯೊ ಮತ್ತು ಅದರ ಪವರ್ ಸಪ್ಲೈ ಮಾತ್ರ ಕರಕಲು. ಆಂಟೆನಾ ಕೇಬಲ್ ಕಡೆಯಿಂದ ಕರೆಂಟ್ ಪ್ಲಗ್ಗಿನ ಕಡೆಗೆ ಹರಿದು ಹೋದ ಗುರುತು ಬೋರ್ಡಿನ ಮೇಲೆ ಕಪ್ಪಗೆ ಗೆರೆ ಎಳೆದ ಹಾಗೆ ಕಾಣುತ್ತಿತ್ತು.

ಯಾಕೆ ಹಾಗಾಯಿತು? ಸಿಡಿಲು ಕಂಬಕ್ಕೇ ಬಡಿಯಿತು ಅಂತ ಇಟ್ಟುಕೊಂಡರೆ ಲೆಕ್ಕ ಸುಲಭ, ಪಕ್ಕದ ಮರಕ್ಕೆ ಬಡಿದಾಗಲೂ ಸಣ್ಣ ಪ್ರಮಾಣದಲ್ಲಿ ಆಗುವುದು ಇದೇ. ಗುಂಡಿಯ ರೆಸಿಸ್ಟೆನ್ಸ್, ಅಂದರೆ ಕರೆಂಟಿಗೆ ಅದು ಒಡ್ಡುವ ತಡೆ, 10 ಓಮ್ ಅಂತ ಇಟ್ಟುಕೊಳ್ಳಿ, ಅದು ಒಳ್ಳೆಯ ಗುಂಡಿ. ಅದರಲ್ಲಿ 30,000 ಆಂಪಿಯರ್ ಇಳಿದರೆ ಆ ಕ್ಷಣಕ್ಕೆ ಗುಂಡಿಯೇ 3 ಲಕ್ಷ ವೋಲ್ಟಿಗೆ ಏರುತ್ತದೆ. ಅರ್ತ್ ಅಂದರೆ ಯಾವಾಗಲೂ ಸೊನ್ನೆ ವೋಲ್ಟ್ ಅಂತ ನಾವು ತಿಳಿದಿದ್ದೇವಲ್ಲ, ಸಿಡಿಲಿನ ಮುಂದೆ ಅದು ಸುಳ್ಳು. ಈಗ ಆಂಟೆನಾ ಗುಂಡಿ 3 ಲಕ್ಷದಲ್ಲಿದೆ, ಮನೆಯ ಗುಂಡಿ ಇನ್ನೂ ಸೊನ್ನೆಯ ಹತ್ತಿರ ಇದೆ. ಇವೆರಡರ ನಡುವೆ ಒಂದು ಕೈ ಆಂಟೆನಾ ಕೇಬಲ್ಲಿಗೂ ಇನ್ನೊಂದು ಕೈ ಕರೆಂಟ್ ಪ್ಲಗ್ಗಿಗೂ ಕೊಟ್ಟು ಕೂತಿರುವುದು ಯಾರು? ನಿಮ್ಮ ಟಿವಿ. ಆ ಹೊತ್ತಿಗೆ ರಿಮೋಟ್ ಬಿಟ್ಟು ಕೇಬಲ್ ಹಿಡಿದಿದ್ದರೆ, ನೀವು.

ಹಿನ್ನೀರಿನಲ್ಲಿ ನಿಂತ ದೋಣಿಯನ್ನು ನೆನಪಿಸಿಕೊಳ್ಳಿ. ನೀರು ಹತ್ತು ಅಡಿ ಏರಿದರೂ ದೋಣಿಗೆ ಏನೂ ಆಗುವುದಿಲ್ಲ, ಅದೂ ಜೊತೆಗೇ ಏರುತ್ತದೆ. ಒಂದು ಬದಿಯನ್ನು ದಡದ ಬೇರಿಗೆ ಗಿಡ್ಡ ಹಗ್ಗದಲ್ಲಿ ಬಿಗಿದಿದ್ದರೆ ಮಾತ್ರ ಮಗುಚುತ್ತದೆ. ಮನೆಯಲ್ಲೂ ಹಾಗೇ. ಎಲ್ಲ ಲೋಹವೂ ಒಟ್ಟಿಗೆ 3 ಲಕ್ಷಕ್ಕೆ ಏರಿ ಒಟ್ಟಿಗೆ ಇಳಿದರೆ ಮನೆಯೊಳಗೆ ವ್ಯತ್ಯಾಸ ಹುಟ್ಟುವುದು ಕಡಿಮೆ, ವ್ಯತ್ಯಾಸ ಇಲ್ಲದಿದ್ದರೆ ಕರೆಂಟ್ ಹರಿಯಲು ಕಾರಣವೂ ಇಲ್ಲ.

ಆದ್ದರಿಂದ ಆಂಟೆನಾಗೆ ಬೇರೆ ಗುಂಡಿ ಇರಲಿ, ಬೇಡ ಅನ್ನುವುದಿಲ್ಲ, ಇದ್ದರೆ ಒಳ್ಳೆಯದೇ. ಆದರೆ ಅದನ್ನು ಮನೆಯ ಅರ್ತ್ ಗುಂಡಿಗೆ ಹೊರಗಿನಿಂದಲೇ, ನೆಲದೊಳಗೆ, ದಪ್ಪ ತಾಮ್ರದ ವೈರ್ ಅಥವಾ ಜಿಐ (ಸತು ಲೇಪಿಸಿದ ಕಬ್ಬಿಣದ) ಪಟ್ಟಿಯಲ್ಲಿ ಸೇರಿಸಲೇಬೇಕು. ಸೇರಿಸದೆ ಬಿಟ್ಟ ಎರಡನೇ ಗುಂಡಿ ಗುಂಡಿಯೇ ಇಲ್ಲದಿರುವುದಕ್ಕಿಂತ ಕೆಟ್ಟದ್ದು ಅಂತ ನನ್ನ ಅಭಿಪ್ರಾಯ. ಅಮೆರಿಕದಲ್ಲಿರುವ ನಮ್ಮವರು ಕೇಳುತ್ತಿರುತ್ತಾರೆ, ಅಲ್ಲಿನ ನ್ಯಾಷನಲ್ ಎಲೆಕ್ಟ್ರಿಕಲ್ ಕೋಡಿನ 810ನೇ ಭಾಗವೂ ಇದನ್ನೇ ಹೇಳುತ್ತದೆ: ಬೇರೆ ರಾಡ್ ಹೊಡೆದರೆ ಅದನ್ನು ಮನೆಯ ಅರ್ತ್‌ಗೆ 6 ಗೇಜ್ ತಾಮ್ರ ಅಥವಾ ಅದಕ್ಕೂ ದಪ್ಪದ್ದರಲ್ಲಿ ಸೇರಿಸಬೇಕು.

ವೈರ್ ಎಷ್ಟು ದಪ್ಪ ಬೇಕು?

ಕಂಬದಿಂದ ಗುಂಡಿಗೆ ತಾಮ್ರವಾದರೆ 16 ಸ್ಕ್ವೇರ್ ಎಂಎಂ. ಮೇಲೆ ಹೇಳಿದ ಐಇಸಿ ಮಾನದಂಡದ ಕನಿಷ್ಠ ಅದು. ತಾಮ್ರ ದುಬಾರಿ, ಮೇಲಾಗಿ ಕಳ್ಳರ ಕಣ್ಣು ಬೀಳುತ್ತದೆ, ಹಾಗಾಗಿ ನಮ್ಮ ಕಡೆ 25 ಮಿಮೀ ಅಗಲ 3 ಮಿಮೀ ದಪ್ಪದ ಜಿಐ ಪಟ್ಟಿ ಎಳೆಯುವುದು ಜಾಸ್ತಿ. ಅದೂ ಒಳ್ಳೆಯದೇ. ಮನೆ ವೈರಿಂಗಿನಲ್ಲಿ ಉಳಿದ ಒಂದೂವರೆ ಸ್ಕ್ವೇರ್ ಎಂಎಂ ಹಸಿರು ವೈರ್ ಬೇಡ. ಅಂಗಡಿಯಲ್ಲಿ ಅರ್ತ್ ವೈರ್ ಕೊಡಿ ಅಂದರೆ ಸಾಮಾನ್ಯವಾಗಿ 8 ಗೇಜಿನ ಜಿಐ ತಂತಿ ಕೊಡುತ್ತಾರೆ. ಅದು ಸುಮಾರು 13 ಸ್ಕ್ವೇರ್ ಎಂಎಂ ಆಗುತ್ತದೆ, ಅದೂ ಕಬ್ಬಿಣ. ಮನೆಯ ಮಾಮೂಲಿ ಅರ್ತಿಂಗ್‌ಗೆ ಸರಿ, ಸಿಡಿಲಿನ ದಾರಿಗೆ ಸಾಲದು.

ಅಲ್ಯೂಮಿನಿಯಂ ತಂತಿಯನ್ನು ಮಣ್ಣೊಳಗೆ ಇಳಿಸಬೇಡಿ, ತಿಂದು ಹೋಗುತ್ತದೆ.

ವೈರ್ ದಪ್ಪ ಇದ್ದರೆ ಸಾಕಲ್ವಾ? ಹೇಗೆ ಎಳೆದರೇನು?

ಇಲ್ಲೇ ಎಡವುವುದು. ಸಿಡಿಲಿನ ಕರೆಂಟ್ ಒಂದೆರಡು ಮೈಕ್ರೊಸೆಕೆಂಡಿನಲ್ಲಿ ಸೊನ್ನೆಯಿಂದ ತುದಿಗೆ ಏರುತ್ತದೆ. ಅಷ್ಟು ಜೋರಾಗಿ ಏರುವ ಕರೆಂಟಿಗೆ ವೈರಿನ ದಪ್ಪಕ್ಕಿಂತ ಅದರ ಉದ್ದವೇ ದೊಡ್ಡ ತಡೆ. ನೆಟ್ಟಗಿನ ವೈರಿಗೆ ಮೀಟರಿಗೆ ಸುಮಾರು 1 ಮೈಕ್ರೊಹೆನ್ರಿ ಇಂಡಕ್ಟೆನ್ಸ್ (ಕರೆಂಟಿನ ಏರಿಳಿತಕ್ಕೆ ಒಡ್ಡುವ ತಡೆ) ಇರುತ್ತದೆ. 30,000 ಆಂಪಿಯರ್ 2 ಮೈಕ್ರೊಸೆಕೆಂಡಿನಲ್ಲಿ ಏರಿದರೆ ಮೀಟರಿಗೆ 15,000 ವೋಲ್ಟ್. ಎರಡಂತಸ್ತಿನ ಮನೆಯ 10 ಮೀಟರ್ ವೈರಿನ ಎರಡು ತುದಿಯ ನಡುವೆ ಒಂದೂವರೆ ಲಕ್ಷ ವೋಲ್ಟ್! ತಾಮ್ರವೇ ಆದರೂ ಅಷ್ಟೇ.

ಹಾಗಾಗಿ ದಾರಿ ಗಿಡ್ಡ ಇರಲಿ, ನೆಟ್ಟಗೆ ಇರಲಿ, ಮನೆಯ ಹೊರಗೋಡೆಯ ಮೇಲೆಯೇ ಇಳಿಯಲಿ. ತಿರುಗಿಸಲೇಬೇಕಾದ ಕಡೆ 20 ಸೆಂಟಿಮೀಟರ್ ತ್ರಿಜ್ಯಕ್ಕಿಂತ ಕಡಿಮೆ ಇಲ್ಲದಂತೆ, ಬಳೆಯಂತೆ ಬಾಗಿಸಿ, ಮೊಣಕೈ ಮಡಚಿದ ಹಾಗೆ ಮುರಿಯಬೇಡಿ. ಸಜ್ಜದ ಕೆಳಗೆ ಹೋಗಿ ಮತ್ತೆ ಮೇಲೆ ಹತ್ತಿ ಕಿಟಕಿ ಸುತ್ತಿ ಇಳಿದ ವೈರ್ ಕಂಡಿದ್ದೇನೆ, ಸಿಡಿಲು ಅಷ್ಟು ಸುತ್ತುವುದಿಲ್ಲ, ಅಡ್ಡ ಹಾರಿ ಹತ್ತಿರದ ಕಿಟಕಿ ಸರಳಿಗೆ ನೆಗೆಯುತ್ತದೆ. ಉಳಿದ ವೈರನ್ನು ಚೆಂದಕ್ಕೆ ಸುರುಳಿ ಸುತ್ತಿ ನೇತು ಹಾಕುವುದಂತೂ ಬೇಡವೇ ಬೇಡ, ಕತ್ತರಿಸಿ ಬಿಸಾಕಿ.

ಜೋಡಣೆ ಕ್ಲಾಂಪು, ಲಗ್ಗು, ನಟ್ಟು ಬೋಲ್ಟಿನಲ್ಲಿ ಆಗಬೇಕು. ಕೈಯಲ್ಲಿ ತಿರುಚಿ ಕಪ್ಪು ಟೇಪ್ ಸುತ್ತುವುದು ಲೆಕ್ಕಕ್ಕಿಲ್ಲ. ಕಂಬಕ್ಕೆ ಪೇಂಟ್ ಹೊಡೆದಿದ್ದರೆ ಕ್ಲಾಂಪ್ ಕೂರುವ ಜಾಗ ಕೆರೆದು ಹೊಳೆಯುವ ಲೋಹ ಕಾಣಬೇಕು. ತಾಮ್ರವನ್ನು ಜಿಐ ಮೇಲೆ ನೇರವಾಗಿ ಬಿಗಿದರೆ ಮಳೆನೀರು ಸೇರಿ ಸತು ತಿಂದು ಹೋಗುತ್ತದೆ, ನಡುವೆ ತವರ ಹಚ್ಚಿದ ಲಗ್ ಅಥವಾ ಸ್ಟೈನ್‌ಲೆಸ್ ಕ್ಲಾಂಪ್ ಹಾಕಿ, ಮೇಲೆ ಗ್ರೀಸ್ ಬಳಿಯಿರಿ.

ಗುಂಡಿ ಹೇಗೆ ಮಾಡಿಸಬೇಕು? ಉಪ್ಪು ಇದ್ದಿಲು ಸಾಕಾ?

ಅರ್ತಿಂಗ್‌ಗೆ ನಮ್ಮ ದೇಶದ ಮಾನದಂಡ ಐಎಸ್ 3043. ಪೈಪ್ ಅರ್ತ್ ಆದರೆ 40 ಮಿಮೀ ಜಿಐ ಪೈಪ್, ಎರಡೂವರೆ ಮೀಟರ್ ಉದ್ದ, ನೆಟ್ಟಗೆ ಹೂಳಿದ್ದು, ಮನೆಯ ಗೋಡೆಯಿಂದ ಕನಿಷ್ಠ ಒಂದೂವರೆ ಮೀಟರ್ ಆಚೆ. ಎರಡಡಿ ರಾಡ್ ಹೊಡೆದು ಆಯಿತು ಅನ್ನುವವರಿಗೆ ದುಡ್ಡು ಕೊಡಬೇಡಿ.

ಉಳಿದದ್ದೆಲ್ಲ ಮಣ್ಣಿನ ಕೈಯಲ್ಲಿದೆ. 100 ಓಮ್ ಮೀಟರ್ (ಮಣ್ಣು ಕರೆಂಟಿಗೆ ಎಷ್ಟು ತಡೆ ಒಡ್ಡುತ್ತದೆ ಅನ್ನುವ ಅಳತೆ) ಗುಣದ ಸಾಧಾರಣ ಮಣ್ಣಿನಲ್ಲಿ ಇಂಥ ಒಂದು ಪೈಪ್ ಕೊಡುವುದು ಸುಮಾರು 33 ಓಮ್. ಸಿಡಿಲಿನ ಕೆಲಸಕ್ಕೆ 10 ಓಮ್ ಒಳಗೆ ಇದ್ದರೆ ಚೆನ್ನ ಅಂತ ಸಿಡಿಲು ರಕ್ಷಣೆಯ ಮಾನದಂಡಗಳು ಹೇಳುತ್ತವೆ. ಅಂದರೆ ಒಂದು ಪೈಪು ಸಾಲುವುದು ಅಪರೂಪ. ಎರಡನೆಯದನ್ನು ಪಕ್ಕದಲ್ಲೇ ಹೂಳಿದರೆ ಲಾಭ ಕಡಿಮೆ, ಪೈಪಿನ ಉದ್ದದ ಎರಡರಷ್ಟು, ಅಂದರೆ 5 ಮೀಟರ್ ದೂರ ಬಿಟ್ಟು ಹೂಳಿ ಎರಡನ್ನೂ ಸೇರಿಸಿದರೆ ಹೆಚ್ಚುಕಮ್ಮಿ ಅರ್ಧಕ್ಕೆ ಇಳಿಯುತ್ತದೆ.

ಉತ್ತರ ಕರ್ನಾಟಕದ ಎರೆ ಮಣ್ಣು ಈ ಕೆಲಸಕ್ಕೆ ಬಂಗಾರ, ನೀರು ಹಿಡಿದಿಡುತ್ತದೆ. ಆದರೆ ಬೇಸಿಗೆಯಲ್ಲಿ ಬಾಯಿ ಬಿಟ್ಟು ಪೈಪಿನಿಂದ ದೂರ ಸರಿಯುತ್ತದೆ, ಮೊದಲ ಗುಡುಗು ಬರುವುದೂ ಆಗಲೇ. ಗುಂಡಿಗೆ ನೀರು ಹಾಕುತ್ತಿರಬೇಕು. ಕರಾವಳಿಯ ಮುರಕಲ್ಲಿನ ನೆಲ, ಕೋಲಾರ ರಾಮನಗರದ ಬಂಡೆ ನೆಲ ಕಷ್ಟ. ಅಲ್ಲಿ ಅಡಿ ಅಡಿಗೆ ಕಲ್ಲು ಒಡೆದು ಆಳಕ್ಕೆ ಒದ್ದಾಡುವ ಬದಲು ಅರ್ಧ ಮೀಟರ್ ಆಳದ ಕಾಲುವೆ ತೋಡಿ ಜಿಐ ಪಟ್ಟಿಯನ್ನು ಉದ್ದಕ್ಕೆ ಮಲಗಿಸುವುದೇ ಜಾಣತನ.

ಉಪ್ಪಿನ ವಿಷಯ: ಮೊದಲ ವರ್ಷ ಓಮ್ ಚೆನ್ನಾಗಿ ಇಳಿಸುತ್ತದೆ. ಆಮೇಲೆ ಮಲೆನಾಡಿನ ಮಳೆ ಅದನ್ನು ತೊಳೆದುಕೊಂಡು ಹೋಗುತ್ತದೆ, ಉಳಿದ ಉಪ್ಪು ಪೈಪನ್ನು ತಿನ್ನುತ್ತದೆ. ಬೆಂಟೊನೈಟ್ ಜೇಡಿ ಸಿಕ್ಕರೆ ಅದನ್ನೇ ಹಾಕಿಸಿ, ನೀರನ್ನು ಹಿಡಿದಿಡುತ್ತದೆ, ಲೋಹವನ್ನು ಕಾಡುವುದಿಲ್ಲ.

ಇನ್ನೊಂದು, ಇದನ್ನು ಯಾರೂ ಕೇಳುವುದಿಲ್ಲ: ಗುಂಡಿ ಕೊಟ್ಟಿಗೆಯ ಬಾಗಿಲಲ್ಲಿ ಬೇಡ. ಸಿಡಿಲು ಇಳಿದಾಗ ಗುಂಡಿಯ ಸುತ್ತ ನೆಲದಲ್ಲೇ ವೋಲ್ಟೇಜ್ ಹರಡಿಕೊಳ್ಳುತ್ತದೆ. ಮುಂಗಾಲು ಒಂದು ಕಡೆ, ಹಿಂಗಾಲು ಇನ್ನೊಂದು ಕಡೆ ಇರುವ ದನಕ್ಕೆ ಆ ವ್ಯತ್ಯಾಸ ಎದೆಯ ಮೂಲಕವೇ ಹಾಯುತ್ತದೆ. ಮರದ ಕೆಳಗೆ ನಿಂತ ದನಗಳು ಒಟ್ಟಿಗೆ ಸಾಯುವುದಕ್ಕೆ ಇದೂ ಒಂದು ಕಾರಣ. ಮನುಷ್ಯರು ಓಡಾಡುವ ದಾರಿ, ಬಟ್ಟೆ ಒಗೆಯುವ ಕಲ್ಲು, ಇವುಗಳಿಂದಲೂ ದೂರ ಇರಲಿ.

ಕಂಬಕ್ಕೆ ಅರ್ತ್ ಆಯಿತು. ಕೇಬಲ್ಲಿಗೂ ಬೇರೆ ಮಾಡಬೇಕಾ?

ಹೌದು, ಕಂಬ ಒಂದೇ ಅಲ್ಲ. ಕೇಬಲ್ ಮನೆಯೊಳಗೆ ನುಗ್ಗುವ ಜಾಗದಲ್ಲಿ, ಹೊರಗಡೆಯೇ, ಗ್ರೌಂಡ್ ಬ್ಲಾಕ್ ಅನ್ನುವ ಸಣ್ಣ ಲೋಹದ ತುಂಡು ಹಾಕಬೇಕು. ಎರಡು ಕಡೆ ಎಫ್ ಕನೆಕ್ಟರ್ (ಡಿಶ್ ಕೇಬಲ್ಲಿನ ತುದಿಯ ತಿರುಪು) ತಿರುಗಿಸುವ ಜಾಗ, ಮೇಲೊಂದು ಸ್ಕ್ರೂ. ಆ ಸ್ಕ್ರೂವಿನಿಂದ 4 ಸ್ಕ್ವೇರ್ ಎಂಎಂ ತಾಮ್ರದ ವೈರ್ ಮನೆಯ ಅರ್ತ್‌ಗೆ. ಇದರಿಂದ ಕೇಬಲ್ಲಿನ ಹೊರ ಜಾಲರಿ ಅರ್ತ್ ಆಗುತ್ತದೆ.

ನಡುವಿನ ತಾಮ್ರದ ಎಳೆ ಬಾಕಿ ಉಳಿಯಿತಲ್ಲ, ಅದರಲ್ಲಿ 13 ಅಥವಾ 18 ವೋಲ್ಟ್ ಎಲ್‌ಎನ್‌ಬಿಗೆ ಹೋಗುತ್ತಿರುತ್ತದೆ, ಅದನ್ನು ನೇರ ಅರ್ತ್‌ಗೆ ಕಟ್ಟಲಾಗುವುದಿಲ್ಲ. ಅದಕ್ಕೆ ಗ್ಯಾಸ್ ಟ್ಯೂಬ್ ಇರುವ ಅರೆಸ್ಟರ್. ವೋಲ್ಟೇಜ್ ಮಿತಿ ಮೀರಿದಾಗ ಒಳಗಿನ ಅನಿಲ ಕಿಡಿಯಾಗಿ ದಾರಿ ಬಿಡುತ್ತದೆ, ಉಳಿದ ಹೊತ್ತು ಸುಮ್ಮನಿರುತ್ತದೆ. ಡಿಶ್ಶಿಗೆ 90 ವೋಲ್ಟಿನದು ಸಾಕು. ಅರೆಸ್ಟರ್ ತಂದು ಅದರ ಸ್ಕ್ರೂಗೆ ವೈರನ್ನೇ ಕಟ್ಟದೆ ಬಿಟ್ಟ ಮನೆಗಳಿವೆ, ಅದು ದುಡ್ಡು ದಂಡ.

ಒಳಗೆ ಹೋಗುವ ಮುಂಚೆ ಕೇಬಲ್ಲನ್ನು ಸ್ವಲ್ಪ ಕೆಳಗೆ ಜೋತು ಬಿಟ್ಟು ಮೇಲೆ ತನ್ನಿ. ಮಳೆನೀರು ಆ ಬಾಗಿನಲ್ಲಿ ತೊಟ್ಟಿಕ್ಕಿ ಹೋಗುತ್ತದೆ, ಗೋಡೆಯೊಳಗೆ ಬರುವುದಿಲ್ಲ.

ನಲ್ಲಿ ಪೈಪಿಗೆ, ಸೋಲಾರ್ ಸ್ಟ್ಯಾಂಡಿಗೆ, ಕಾಲಂ ಕಂಬಿಗೆ ಕಟ್ಟಬಹುದಾ?

ನಲ್ಲಿ ಪೈಪು ಈಗೆಲ್ಲ ಪ್ಲಾಸ್ಟಿಕ್, ಮೇಲೆ ಕಾಣುವ ಒಂದಡಿ ಲೋಹ ನೋಡಿ ಮೋಸ ಹೋಗಬೇಡಿ. ಗ್ಯಾಸ್ ಪೈಪಿಗೆ ಕಟ್ಟುವ ಯೋಚನೆಯೂ ಬೇಡ. ಸೋಲಾರ್ ಸ್ಟ್ಯಾಂಡು ಅರ್ತ್ ಅಲ್ಲ, ಅದಕ್ಕೇ ಅರ್ತ್ ಬೇಕು. ಅದನ್ನೂ ತಾರಸಿಯ ಕಬ್ಬಿಣದ ರೇಲಿಂಗನ್ನೂ ಕಂಬದ ಜೊತೆ ಸೇರಿಸಿ ಕೆಳಗಿಳಿಸುವುದು ಸರಿ. ಕಾಲಂ ಕಂಬಿ, ಮನೆ ಕಟ್ಟುವಾಗಲೇ ಬುಡದಿಂದ ತುದಿಯವರೆಗೆ ಬೆಸೆದು ಹೊರಗೆ ತುದಿ ಬಿಟ್ಟಿದ್ದರೆ ಮಾತ್ರ. ಆಮೇಲೆ ಕಾಂಕ್ರೀಟ್ ಕೆತ್ತಿ ಕಂಬಿ ಹುಡುಕಬೇಡಿ.

ನ್ಯೂಟ್ರಲ್‌ಗೆ ಕಟ್ಟುವುದು? ಕೆಲವರು ಮಾಡುತ್ತಾರೆ, ನೋಡಿದರೆ ಮೈ ಜುಂ ಅನ್ನುತ್ತದೆ. ಬೀದಿಯ ಕರೆಂಟ್ ಕಂಬದಲ್ಲಿ ನ್ಯೂಟ್ರಲ್ ತುಂಡಾದ ದಿನ ನಿಮ್ಮ ಡಿಶ್, ಕೇಬಲ್, ಕಂಬ ಎಲ್ಲದಕ್ಕೂ 230 ವೋಲ್ಟ್ ಬರುತ್ತದೆ.

ಸಿಗ್ನಲ್ ಸಿಗಲ್ಲ ಅಂತ ಆಂಟೆನಾವನ್ನು ಗುಡ್ಡದ ಮೇಲೆ, ಮರದ ಮೇಲೆ ಕಟ್ಟಿದ್ದೇವೆ.

ನಮ್ಮ ಕಡೆ ದೂರದರ್ಶನದ ಕಾಲದಿಂದಲೂ ಇರುವ ರೂಢಿ. ಮನೆ ಕಣಿವೆಯಲ್ಲಿ, ಆಂಟೆನಾ ಗುಡ್ಡದ ನೆತ್ತಿಯಲ್ಲಿ, ನಡುವೆ ಇನ್ನೂರು ಮುನ್ನೂರು ಅಡಿ ಕೇಬಲ್. ಈಗ ಇಂಟರ್ನೆಟ್ಟಿಗೂ ಹಾಗೇ ಮಾಡುತ್ತಾರೆ. ಸಿಡಿಲಿನ ದೃಷ್ಟಿಯಿಂದ ಇದಕ್ಕಿಂತ ಅಪಾಯದ್ದು ಇಲ್ಲ. ಗುಡ್ಡದ ಮೇಲಿನ ಕಂಬಕ್ಕೂ ಮನೆಗೂ ಅರ್ತ್ ಒಂದೇ ಮಾಡಲು ಆಗುವುದೇ ಇಲ್ಲ, ಅಷ್ಟು ದೂರ. ಕಂಬದ ಬುಡದಲ್ಲಿ ಒಂದು ಗುಂಡಿ ಮಾಡಿ ಕಂಬ, ಜಾಲರಿ ಎರಡನ್ನೂ ಸೇರಿಸಿ. ಮನೆಗೆ ಬರುವ ಜಾಗದಲ್ಲಿ ಗ್ರೌಂಡ್ ಬ್ಲಾಕ್, ಅರೆಸ್ಟರ್ ಹಾಕಿ ಮನೆಯ ಅರ್ತ್‌ಗೆ. ಕೇಬಲ್ಲನ್ನು ಬೇಲಿ ಮೇಲೆ ನೇತು ಹಾಕುವ ಬದಲು ನೆಲದಲ್ಲಿ ಹೂಳಿ. ಇಂಟರ್ನೆಟ್ ಆದರೆ ನಡುವೆ ಲೋಹದ ತಂತಿಯಿಲ್ಲದ ಫೈಬರ್ ಎಳೆದುಬಿಡಿ, ಗಾಜಿನಲ್ಲಿ ಸಿಡಿಲು ಹರಿಯುವುದಿಲ್ಲ.

ತೆಂಗು, ಅಡಿಕೆ ಮರಕ್ಕೆ ಕಟ್ಟಿದ್ದರೆ ಬಿಚ್ಚಿಸಿ. ಮರಕ್ಕೆ ಬಡಿದದ್ದನ್ನು ಮನೆಗೆ ತಂದುಕೊಡುವ ದಾರಿ ಅದು.

ನಮ್ಮದು ಹೆಂಚಿನ ಮನೆ. ತಗಡಿನ ಮಾಡಾದರೆ?

ಹೆಂಚಿನ ಮನೆಯಲ್ಲಿ ಕಂಬವನ್ನು ಮರದ ಜಂತಿ, ಪಕಾಸಿಗೆ ಬಿಗಿಯಬೇಡಿ. ಒಣ ಮರ ಸಿಡಿಲಿಗೆ ಹೊತ್ತಿಕೊಳ್ಳುತ್ತದೆ. ಮನೆಯ ಪಕ್ಕದಲ್ಲಿ ನೆಲದಿಂದಲೇ ಎದ್ದ ಕಂಬ ವಾಸಿ, ಅರ್ತಿಗೂ ಗಿಡ್ಡ ದಾರಿ. ತಗಡಿನ ಮಾಡು ತಾನೇ ದೊಡ್ಡ ಲೋಹದ ಹಾಳೆ, ಅದನ್ನೂ ಕಂಬವನ್ನೂ ಸೇರಿಸಿ ಎರಡು ಎದುರು ಮೂಲೆಗಳಿಂದ ಅರ್ತ್‌ಗೆ ಇಳಿಸಿ.

ಹ್ಯಾಮ್ ರೇಡಿಯೊಗೆ ಇದರಲ್ಲಿ ಬೇರೆ ಏನಾದರೂ ಇದೆಯಾ?

ಹೊಸದಾಗಿ ವಿಯು3 ಕರೆಚಿಹ್ನೆ ಸಿಕ್ಕ ಹುಡುಗರಿಗೆ ಎರಡೇ ಮಾತು. ಎಲ್ಲ ಕೇಬಲ್ಲೂ ಒಂದೇ ಕಿಂಡಿಯಲ್ಲಿ, ಒಂದೇ ಲೋಹದ ಫಲಕದ ಮೂಲಕ ಒಳಗೆ ಬರಲಿ, ಅರೆಸ್ಟರ್‌ಗಳೆಲ್ಲ ಅದರ ಮೇಲೇ ಕೂರಲಿ, ಆ ಫಲಕದಿಂದ ಅರ್ತ್‌ಗೆ ಅಗಲದ ಪಟ್ಟಿ. ರೋಟೇಟರ್ (ಆಂಟೆನಾ ತಿರುಗಿಸುವ ಮೋಟಾರ್) ವೈರು, ಕರೆಂಟ್ ವೈರು ಕೂಡ ಅದೇ ಕಡೆ. ಎರಡನೆಯದು, ಉದ್ದ ತಂತಿಯ ಆಂಟೆನಾದಲ್ಲಿ ಮೋಡ ಕವಿದಾಗ, ಒಣ ಗಾಳಿ ಬೀಸಿದಾಗ ಸಿಡಿಲಿಲ್ಲದೆಯೂ ಸ್ಟ್ಯಾಟಿಕ್ ಸೇರಿಕೊಳ್ಳುತ್ತದೆ, ಕನೆಕ್ಟರ್ ಬಿಚ್ಚಿದರೆ ಚಟಪಟ ಕಿಡಿ ಹಾರುತ್ತದೆ. ದೊಡ್ಡ ಬೆಲೆಯ ಒಂದು ರೆಸಿಸ್ಟರ್ ಮೂಲಕ ಅದನ್ನು ಸದಾ ಅರ್ತ್‌ಗೆ ಸೋರಿಸುತ್ತಿರಿ. ನಿಮ್ಮ ಅರೆಸ್ಟರ್ 90 ವೋಲ್ಟಿನದಾಗಿರಬಾರದು, 100 ವಾಟ್ ಬಿಟ್ಟಾಗ ಕೇಬಲ್ಲಿನಲ್ಲೇ 100 ವೋಲ್ಟ್ ತುದಿ ಇರುತ್ತದೆ. 230 ಅಥವಾ 350 ವೋಲ್ಟಿನದು ತನ್ನಿ.

ಮನೇಲಿ ಆರ್‌ಸಿಸಿಬಿ ಇದೆ, ಸ್ಟೆಬಿಲೈಸರ್ ಇದೆ. ಅಷ್ಟು ಸಾಲದಾ?

ಅವು ಬೇರೆ ಕೆಲಸಕ್ಕೆ ಇರುವುದು. 30 ಮಿಲಿ ಆಂಪಿಯರ್ ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದರೆ ಲೈನ್ ಕಡಿಯುವ ಸ್ವಿಚ್, ಮನುಷ್ಯನ ಜೀವ ಉಳಿಸುತ್ತದೆ, ಅದು ಬೇಕೇ ಬೇಕು, ಆದರೆ ಅದು ಟ್ರಿಪ್ ಆಗಲು ಮಿಲಿಸೆಕೆಂಡುಗಳು ಹಿಡಿಯುತ್ತವೆ. ಅಷ್ಟರಲ್ಲಿ ಸಿಡಿಲು ಬಂದು ಹೋಗಿರುತ್ತದೆ. ಸ್ಟೆಬಿಲೈಸರ್ ಇನ್ನೂ ನಿಧಾನ. ಕರೆಂಟ್ ಲೈನಿನಿಂದ ಬರುವ ಹೊಡೆತಕ್ಕೆ ಮೇನ್ ಬೋರ್ಡಿನಲ್ಲಿ ಸರ್ಜ್ ಪ್ರೊಟೆಕ್ಟರ್ ಹಾಕಿಸಿ. ಅದಕ್ಕೂ ಗಟ್ಟಿ ಅರ್ತ್ ಬೇಕು.

ಮನೆ ಮೇಲೆ ಲೈನ್ ಹಾದು ಹೋಗಿದೆ. ಎಷ್ಟು ದೂರ ಇರಬೇಕು?

ಕಟ್ಟಡಕ್ಕೂ 11 ಕೆವಿ ಲೈನಿಗೂ ಅಡ್ಡಕ್ಕೆ 1.2 ಮೀಟರ್, ಎತ್ತರಕ್ಕೆ 3.7 ಮೀಟರ್ ಅಂತರ ನಿಯಮದಲ್ಲಿದೆ. ಆಂಟೆನಾಗೆ ಈ ಲೆಕ್ಕ ಸಾಲದು. ಕಂಬ ಯಾವ ಕಡೆ ಬಿದ್ದರೂ ಲೈನ್ ಮುಟ್ಟಬಾರದು, ಅದೇ ಲೆಕ್ಕ. 6 ಮೀಟರ್ ಕಂಬವಾದರೆ ಲೈನು ಅದಕ್ಕಿಂತ ಚೆನ್ನಾಗಿಯೇ ಆಚೆ ಇರಬೇಕು, ನಾನು ಒಂದೂವರೆ ಪಟ್ಟು ಇಟ್ಟುಕೊಳ್ಳುತ್ತೇನೆ. ಜಿಐ ಪೈಪ್ ಎತ್ತಿ ನಿಲ್ಲಿಸುವಾಗ ವಾಲಿ ಲೈನಿಗೆ ತಾಗಿದರೆ ಹಿಡಿದವರು ಉಳಿಯುವುದಿಲ್ಲ. ಯಾವ ಅರ್ತಿಂಗೂ ಅಲ್ಲಿ ಕೈ ಹಿಡಿಯುವುದಿಲ್ಲ. ಒಬ್ಬರೇ ಎತ್ತಬೇಡಿ, ಗಾಳಿಯಲ್ಲಿ ಎತ್ತಬೇಡಿ.

ಹಳೇ ಮೀನಿನ ಮುಳ್ಳಿನ ಆಂಟೆನಾ ಹಾಗೇ ಇದೆ. ಕೇಬಲ್ ಯಾವಾಗಲೋ ಕಿತ್ತಿದ್ದೇವೆ.

ಇಳಿಸಿಬಿಡಿ. ಗುಜರಿಯವನು ಅಲ್ಯೂಮಿನಿಯಂ ಅಂತ ಖುಷಿಯಿಂದ ತೆಗೆದುಕೊಳ್ಳುತ್ತಾನೆ. ಅಜ್ಜನ ನೆನಪು ಅಂತ ಉಳಿಸಿಕೊಳ್ಳುವುದಾದರೆ ಕಂಬಕ್ಕೆ ಅರ್ತ್ ಮಾಡಿಸಿ, ಅಟ್ಟದಲ್ಲಿ ಸುತ್ತಿಟ್ಟ ಕೇಬಲ್ ತುಂಡನ್ನೂ ಹೊರಗೆ ಹಾಕಿ.

ಗುಡುಗು ಬಂದಾಗ ಪ್ಲಗ್ ಕಿತ್ತರೆ ಮುಗೀತಲ್ವಾ? ಇಷ್ಟೆಲ್ಲ ಯಾಕೆ?

ಪ್ಲಗ್ ಮತ್ತು ಕೇಬಲ್ ಎರಡನ್ನೂ ಕಿತ್ತರೆ ಸಾಮಾನಿಗೆ ಅದಕ್ಕಿಂತ ದೊಡ್ಡ ರಕ್ಷಣೆ ಇಲ್ಲ, ನಾನೂ ಮಾಡುತ್ತೇನೆ. ಪ್ಲಗ್ ಮಾತ್ರ ಕಿತ್ತು ಕೇಬಲ್ ಬಿಟ್ಟರೆ ಅರ್ಧ ಕೆಲಸ. ಕಿತ್ತ ಕೇಬಲ್ಲನ್ನು ಟಿವಿ ಹಿಂದೆಯೇ ನೇತಾಡಲು ಬಿಟ್ಟರೆ ಸಿಡಿಲಿಗೆ ಆ ನಾಲ್ಕು ಇಂಚು ಏನೂ ಅಲ್ಲ, ನೆಗೆಯುತ್ತದೆ. ಗ್ರೌಂಡ್ ಬ್ಲಾಕಿನ ಹತ್ತಿರ, ಹೊರಗಡೆಯೇ ಬಿಚ್ಚುವಂತೆ ಮಾಡಿಕೊಳ್ಳಿ.

ಆದರೆ ಯಾವಾಗ ಕೀಳುವುದು? ಮಿಂಚು ಕಂಡು ಗುಡುಗು ಕೇಳಲು ಪ್ರತಿ 3 ಸೆಕೆಂಡಿಗೆ ಒಂದು ಕಿಲೋಮೀಟರ್ ಲೆಕ್ಕ. 30 ಸೆಕೆಂಡಿನ ಒಳಗೆ ಕೇಳಿತೆಂದರೆ 10 ಕಿಲೋಮೀಟರ್ ಒಳಗಿದೆ, ಆಗಲೇ ತಡವಾಗಿದೆ, ಕೇಬಲ್ ಮುಟ್ಟಬೇಡಿ, ತಾರಸಿಗಂತೂ ಹೋಗಲೇಬೇಡಿ. ಕೊನೆಯ ಗುಡುಗು ಕೇಳಿ 30 ನಿಮಿಷ ಆಗುವವರೆಗೆ ಹಾಗೇ ಇರಲಿ. ಮೊದಲೇ ಗೊತ್ತಾಗಲು ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಸಿಡಿಲು ಆ್ಯಪ್ ಇದೆ, ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ದಾಮಿನಿ ಇದೆ. ಫೋನಿನಲ್ಲಿ ಒಂದಾದರೂ ಇರಲಿ. ಮನೆಯಲ್ಲಿ ಯಾರೂ ಇಲ್ಲದಾಗ, ರಾತ್ರಿ ಎರಡು ಗಂಟೆಗೆ, ಕೀಳುವವರು ಯಾರು? ಅರ್ತಿಂಗ್ ಆ ಹೊತ್ತಿಗೆ.

ಮಾಡಿಸಿ ಆಯಿತು. ಸರಿ ಇದೆ ಅಂತ ಹೇಗೆ ಗೊತ್ತಾಗುತ್ತದೆ?

ಫೇಸ್‌ಗೂ ಅರ್ತ್‌ಗೂ ನಡುವೆ ಬಲ್ಬ್ ಹಚ್ಚಿ ತೋರಿಸಿ "ನೋಡಿ ಸಾರ್, ಅರ್ತ್ ಸೂಪರ್" ಅನ್ನುವುದು ಪರೀಕ್ಷೆಯಲ್ಲ. ಸಣ್ಣ ಬಲ್ಬು ಕೆಟ್ಟ ಅರ್ತಿನಲ್ಲೂ ಉರಿಯುತ್ತದೆ, ಅಪಾಯ ಬೇರೆ. ಅರ್ತ್ ಟೆಸ್ಟರ್ ಅಂತ ಸಾಧನ ಇದೆ, ನೆಲದಲ್ಲಿ ಇನ್ನೆರಡು ಮೊಳೆ ಹೊಡೆದು ಓಮ್ ಅಳೆಯುತ್ತದೆ. ಅಳೆಯುವಾಗ ಮೇನ್ ಆಫ್ ಆಗಿರಬೇಕು, ಗುಂಡಿಯನ್ನು ಉಳಿದದ್ದರಿಂದ ಬಿಚ್ಚಿರಬೇಕು, ಅಳೆದ ಮೇಲೆ ಮರೆಯದೆ ವಾಪಸ್ ಸೇರಿಸಬೇಕು. ಮಳೆಗಾಲದ ಓಮ್ ನೋಡಿ ಖುಷಿ ಪಡಬೇಡಿ, ಮಾರ್ಚ್ ಕೊನೆಗೆ ನೆಲ ಒಣಗಿದಾಗ ಅಳೆಸಿ, ಗುಂಡಿಯ ಮುಚ್ಚಳದ ಒಳಗೆ ಪೇಂಟಿನಲ್ಲಿ ತಾರೀಕು, ಓಮ್ ಬರೆಸಿ. ಅದೇ ದಿನ ಏಣಿ ಹತ್ತಿ ಕಂಬದ ಕ್ಲಾಂಪನ್ನು ಸ್ಪ್ಯಾನರ್ ಹಾಕಿ ಒಂದು ಸುತ್ತು ಬಿಗಿ ನೋಡಿ. ಹೋದ ವರ್ಷ ನನ್ನದೇ ಸಡಿಲ ಆಗಿತ್ತು.